ಹಸಿರಾದದ್ದೆಲ್ಲ ಗಿಡವಲ್ಲ ಕಣ್ರಪ್ಪಾ

ಪ್ರಶ್ನೆ: ಸರ್, ಆಲಮಟ್ಟಿ ಹಿನ್ನೀರು ಇಳದಾಗ ಕಲ್ಲಿಗೆ ಹಸಿರು ಹಕ್ಕಳಿ ಹತ್ತಿರತೈತಿ. ನೀವು ಅದರಾಗ ಸ್ಪಂಜೂ ಇರತಾವು, ಅವು ಪ್ರಾಣಿ ಅಂತೀರಿ. ಅಲ್ಲಾಡಂಗಿಲ್ಲ, ಬಾಯಿಲ್ಲ, ಕಣ್ಣಿಲ್ಲ. ಅದು ಪ್ರಾಣಿ ಹೆಂಗಾತ್ರಿ?

ಬಾಗಲಕೋಟೆಯಿಂದ ವಿಜಯಪುರದವರೆಗೆ ಪ್ರತಿ ಬೇಸಿಗೆಗೂ ಇದೇ ಪ್ರಶ್ನೆ. ಮೊದಲಿಗೆ ಒಂದು ಮಾತು: ಹಸಿರು ಹಕ್ಕಳೆಯಲ್ಲಿ ಬಹುಪಾಲು ಪಾಚಿಯೇ. ಉಗುರಿನಿಂದ ಕೆರೆದು ನೋಡಿ. ಪಾಚಿ ಲೋಳೆಲೋಳೆಯಾಗಿ ಜಾರುತ್ತದೆ. ಸ್ಪಂಜು ಒರಟು, ಮೈಮೇಲೆ ಸಣ್ಣ ತೂತುಗಳು, ಮೂಗಿಗೆ ಹಿಡಿದರೆ ನಾತ.

ಇನ್ನು ಆ ಬಣ್ಣದ ವಿಷಯ. ಸಿಹಿನೀರಿನ ಸ್ಪಂಜು ಹಸಿರಾಗುವುದು ಅದರ ಜೀವಕೋಶಗಳೊಳಗೆ ಬಾಡಿಗೆಗಿರುವ ಪಾಚಿಯಿಂದ. ಅದೇ ಸ್ಪಂಜು ಬಿಸಿಲು ಬೀಳದ ಕಲ್ಲಿನಡಿ ಬೆಳೆದರೆ ಮಾಸಲು ಬಿಳಿ. ಹಸಿರಿಲ್ಲ, ಆದರೂ ಬದುಕಿದೆ! ಗಿಡವಾಗಿದ್ದರೆ ಕತ್ತಲಲ್ಲಿ ಏನು ತಿನ್ನುತ್ತಿತ್ತು?

ಸ್ಪಂಜು ತಿನ್ನುವುದು ನೀರಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಸಣ್ಣ ಕಣಗಳನ್ನು. ಜೀವಂತ ಸ್ಪಂಜಿನ ಪಕ್ಕದಲ್ಲಿ ಒಂದು ಹನಿ ಬಣ್ಣದ ನೀರು ಬಿಡಿ: ಮೈಯ ಸಣ್ಣ ತೂತುಗಳಲ್ಲಿ ಒಳಹೋದ ಬಣ್ಣ ತುಸು ಹೊತ್ತಿಗೆ ದೊಡ್ಡ ತೂತಿನಿಂದ ಎಳೆಯಾಗಿ ಹೊರಬರುತ್ತದೆ. ಒಳಗಿನ ಕೋಶಗಳ ಕಶಾಂಗಗಳು, ಅಂದರೆ ಚಾಟಿಯಂಥ ಸಣ್ಣ ಎಳೆಗಳು, ಬಡಿದುಕೊಳ್ಳುತ್ತ ನೀರು ಎಳೆಯುತ್ತಿರುತ್ತವೆ. ಜೀವವಿಜ್ಞಾನಿ ರಾಬರ್ಟ್ ಗ್ರಾಂಟ್ 1820ರ ದಶಕದಲ್ಲೇ ಸ್ಕಾಟ್ಲೆಂಡಿನಲ್ಲಿ ಈ ಹರಿವನ್ನು ಸೂಕ್ಷ್ಮದರ್ಶಕದಡಿ ಕಂಡಿದ್ದರು. ಲ್ಯೂಕೋನಿಯಾ ಎಂಬ ಸಮುದ್ರದ ಸ್ಪಂಜು 10 ಸೆಂ.ಮೀ. ಎತ್ತರ, 1 ಸೆಂ.ಮೀ. ದಪ್ಪ; ದಿನಕ್ಕೆ ಸುಮಾರು 22.5 ಲೀಟರ್ ನೀರು ಸೋಸುತ್ತದೆ. ಇಷ್ಟು ದುಡಿಯುವುದನ್ನು ಸುಮ್ಮನೆ ಕೂತಿದೆ ಅನ್ನಬೇಡಿ. ಮರಿಯಾಗಿದ್ದಾಗ ಈಜುತ್ತದೆ ಕೂಡ, ಅಂಟಿಕೊಳ್ಳುವುದು ಆಮೇಲೆ.

ಗಿಡದ ಕೋಶಗಳಿಗಿರುವ ಗಟ್ಟಿ ಗೋಡೆ, ಅಂದರೆ ಕೋಶಭಿತ್ತಿ, ಸ್ಪಂಜಿಗಿಲ್ಲ; ನಮ್ಮ ಚರ್ಮದಲ್ಲಿರುವಂಥ ಕೊಲಾಜೆನ್ ಎಂಬ ಪ್ರೋಟೀನು ಇದೆ. ಇವೂ ಪ್ರಾಣಿಯ ಗುರುತೇ. ಬಾಯಿ, ಹೊಟ್ಟೆ, ನರ ಇಲ್ಲ ನಿಜ. ಪ್ರತಿ ಕೋಶವೂ ತನ್ನ ತುತ್ತನ್ನು ತಾನೇ ನುಂಗಿ ಅರಗಿಸಿಕೊಳ್ಳುತ್ತದೆ. ಬಾಯಿ ಬೇಕೇ ಬೇಕು ಅನ್ನುವವರು ಸಿಹಿನೀರಿನ ಇನ್ನೊಂದು ಪುಟ್ಟ ಪ್ರಾಣಿ ಹೈಡ್ರಾ ನೋಡಿ. ಅದಕ್ಕೆ ಬಾಯಿ, ನರಜಾಲ ಎರಡೂ ಇವೆ. ಪಾತ್ರೆ ತಿಕ್ಕುವ ಅಂಗಡಿ ಸ್ಪಂಜಿಗೂ ಈ ಜೀವಂತ ಸ್ಪಂಜಿಗೂ ಸಂಬಂಧವಿಲ್ಲ, ಅದು ಕಾರ್ಖಾನೆಯದು.

ನೀರು ಬತ್ತಿದಾಗ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಮೈ ಸಾಯುತ್ತದೆ, ಸಾಸಿವೆಗಿಂತ ಸಣ್ಣ ಜೆಮ್ಯೂಲ್‌ಗಳು, ಅಂದರೆ ಗಟ್ಟಿ ಹೊದಿಕೆಯ ಜೀವಕೋಶಗಳ ಗುಂಡುಗಳು, ಉಳಿದು, ನೀರು ಬಂದ ಮೇಲೆ ಹೊಸ ಸ್ಪಂಜಾಗುತ್ತವೆ. ಒಣಗಿದ ಹಕ್ಕಳೆಯಲ್ಲಿ ಸ್ಪಂಜಿನ ಮೈಗೆ ಹಂದರವಾಗಿದ್ದ ಸಿಲಿಕಾದ, ಅಂದರೆ ಗಾಜಿನಂಥ, ಸಣ್ಣ ಸೂಜಿಗಳೂ ಉಳಿದಿರುತ್ತವೆ. ಅಮೆಜಾನ್ ಕಡೆಯ ಕುಂಬಾರರು ಮಡಕೆ ಗಟ್ಟಿಯಾಗಲೆಂದು ಇವನ್ನು ಮಣ್ಣಿಗೆ ಬೆರೆಸುತ್ತಿದ್ದರು. ನೀವು ಮಾತ್ರ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ತುರಿಕೆ ಹತ್ತುತ್ತದೆ, ಕಣ್ಣಿಗೆ ಗಾಯವೂ ಆದೀತು.