ಮುಟ್ಟಾದಾಗ ತಲೆ ಓಡಲ್ವಾ?

ಸಣ್ಣ ತೂತಿನೊಳಗೆ ಲೋಹದ ಕಡ್ಡಿಯೊಂದನ್ನು ಅಲುಗಾಡದಂತೆ ಹಿಡಿಯಬೇಕು. ಅಂಚಿಗೆ ತಾಗಿತೋ, ತಪ್ಪು ಲೆಕ್ಕಕ್ಕೆ ಬಿತ್ತು. ಆಮೇಲೆ ಬಣ್ಣಗಳ ಹೆಸರು ಪಟಪಟ ಹೇಳಬೇಕು, ವಿರುದ್ಧ ಪದ ಹೇಳಬೇಕು, ಟೈಪಿಂಗ್ ಕಲಿಯಬೇಕು. ಕೆಲವರಿಗೆ ಮೂರು ತಿಂಗಳು ದಿನಾ ಇದೇ ಕೆಲಸ.

ಮುಟ್ಟಿನ ದಿನ ಕೈ, ತಲೆ ಹಿಂದೆ ಬೀಳುತ್ತವಾ ಎಂದು ನೋಡಲು ಇದನ್ನೆಲ್ಲ ಮಾಡಿಸಿದ್ದು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಲೆಟಾ ಹಾಲಿಂಗ್‌ವರ್ತ್. ಮೊದಲು ಟೀಚರ್ ಆಗಿದ್ದವರು. ಮದುವೆಯಾದ ಹೆಂಗಸರನ್ನು ಆ ಊರಿನ ಶಾಲೆಗಳು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಮತ್ತೆ ಓದಲು ಕೂತರು. ನಮ್ಮಲ್ಲಿ ಹೊರಗೆ ಕೂತವರು ಪುಸ್ತಕ ಮುಟ್ಟಬಾರದು, ಸರಸ್ವತಿಗೆ ಮೈಲಿಗೆ ಎನ್ನುತ್ತಿದ್ದರಲ್ಲ, ಅಲ್ಲಿ ಅಂಥ ಮಾತನ್ನು ಡಾಕ್ಟರುಗಳೇ ಹೇಳುತ್ತಿದ್ದರು. ಹುಡುಗಿಯರು ಹುಡುಗರ ಸಮಕ್ಕೆ ಓದಿದರೆ ಗರ್ಭಕೋಶಕ್ಕೆ ಕೆಟ್ಟದ್ದು ಎಂದು ಬಾಸ್ಟನ್‌ನ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಬರೆದಿದ್ದರು. ಅಳೆದು ನೋಡಿದವರು ಕಡಿಮೆ. ಲೆಟಾ ಅಳೆದರು. 23 ಹೆಂಗಸರು, ಹೋಲಿಸಲು ಇಬ್ಬರು ಗಂಡಸರು. 1914ರಲ್ಲಿ ಫಲಿತಾಂಶ ಅಚ್ಚಾಯಿತು: ಮುಟ್ಟಿನ ದಿನ ಅಂತ ಕೈ ಜಾಸ್ತಿ ನಡುಗಲಿಲ್ಲ, ಕಲಿಕೆ ಹಿಂದೆ ಬೀಳಲಿಲ್ಲ.

ಹಾಗಂತ ಹಾರ್ಮೋನು ಮಿದುಳಿನ ತಂಟೆಗೇ ಹೋಗಲ್ಲ ಅಂತಲ್ಲ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಜಾಗವಿದೆ. ಅಲ್ಲಿನ ನರಕೋಶಗಳ ಕೊಂಬೆಗಳ ಮೇಲೆ ಗುಲಾಬಿ ಮುಳ್ಳಿನಂಥ ಮೊಳಕೆಗಳಿರುತ್ತವೆ. ಪಕ್ಕದ ಕೋಶದ ಸುದ್ದಿ ಬಂದು ಮುಟ್ಟುವುದು ಅಲ್ಲಿಗೇ. ಹೆಣ್ಣಿಲಿಯ ಹಾರ್ಮೋನು ಚಕ್ರ ನಾಲ್ಕೈದು ದಿನದ್ದು. ಅಷ್ಟರಲ್ಲೇ ಆ ಮುಳ್ಳುಗಳು ಸುಮಾರು 30 ಪರ್ಸೆಂಟ್ ಏರಿ ಇಳಿಯುವುದನ್ನು ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಈವನ್ ಮತ್ತು ಜೊತೆಗಾರರು 1990ರಲ್ಲಿ ತೋರಿಸಿದರು. ಅಮೆರಿಕದ ಲಾರಾ ಪ್ರಿಚೆಟ್ ಎಂಬ ವಿಜ್ಞಾನಿ ಸತತ 30 ದಿನ ತನ್ನ ಮಿದುಳನ್ನೇ ಸ್ಕ್ಯಾನ್ ಮಾಡಿಸಿಕೊಂಡರು. ಈಸ್ಟ್ರೋಜನ್ ಎಂಬ ಹಾರ್ಮೋನು ಏರಿಳಿದಂತೆ ಮಿದುಳಿನ ಭಾಗಗಳ ನಡುವಿನ ಸಂಪರ್ಕವೂ ಬದಲಾಗುತ್ತಿತ್ತು.

ಒಳಗೆ ಇಷ್ಟೆಲ್ಲ ನಡೆದರೂ ಹೊರಗೆ, ಅಂದರೆ ಪರೀಕ್ಷೆಯ ಅಂಕದಲ್ಲಿ, ಅದು ಕಾಣುತ್ತಾ? ಅಂಡ ಬಿಡುಗಡೆಯಾಗುವ ಮುಂಚಿನ ದಿನಗಳಲ್ಲಿ ಹೊಸ ಹೊಸ ಐಡಿಯಾ ಜಾಸ್ತಿ ಹೊಳೆಯುತ್ತವೆ ಎಂದು 1994ರಲ್ಲಿ ಜರ್ಮನಿಯ ಒಂದು ಪುಟ್ಟ ಅಧ್ಯಯನ ಹೇಳಿತ್ತು. ಆದರೆ 2025ರಲ್ಲಿ ಮೆಲ್ಬರ್ನ್‌ನ ಸಂಶೋಧಕರು 102 ಅಧ್ಯಯನಗಳನ್ನು, 3,943 ಮಂದಿಯ ಲೆಕ್ಕವನ್ನು, ಒಟ್ಟಿಗೆ ಜಾಲಾಡಿದರು. ಸೃಜನಶೀಲತೆ, ಗಮನ, ಭಾಷೆ, ಬುದ್ಧಿಶಕ್ತಿ, ಯಾವುದರಲ್ಲೂ ನಂಬುವಂಥ ಏರಿಳಿತ ಸಿಗಲಿಲ್ಲ. ಈ ವಾರ ಚಿತ್ರ ಬರೆಯಿರಿ, ಮುಂದಿನ ವಾರ ಲೆಕ್ಕ ಮಾಡಿ ಎಂದು ಟೈಮ್‌ಟೇಬಲ್ ಹಾಕಿಕೊಡುವವರನ್ನು ಸುಮ್ನೆ ನಂಬಬೇಡಿ.

ಮತ್ತೆ ಆ ದಿನ ಓದು ತಲೆಗೆ ಹತ್ತಲ್ಲ ಅನ್ನುವುದು ಸುಳ್ಳಾ? ಸುಳ್ಳಲ್ಲ. ಹೊಟ್ಟೆ ಹಿಂಡಿದಂತಾಗುತ್ತಿರುವಾಗ, ರಾತ್ರಿಯೆಲ್ಲ ನಿದ್ದೆಗೆಟ್ಟಿರುವಾಗ ಯಾರಿಗೆ ತಾನೇ ಹತ್ತುತ್ತದೆ? ಗರ್ಭಕೋಶದ ಒಳಪದರದಲ್ಲಿ ತಯಾರಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಅಲ್ಲಿನ ಸ್ನಾಯುವನ್ನು ಬಿಗಿಯುವುದರಿಂದ ಆ ನೋವು. ಅದಕ್ಕೆ ಮದ್ದಿದೆ. ಇನ್ನೊಂದು ಕಾರಣ ಸದ್ದಿಲ್ಲದ್ದು: ತಿಂಗಳು ತಿಂಗಳು ರಕ್ತದ ಜೊತೆ ಹೋಗುವ ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ 47.8 ಪರ್ಸೆಂಟ್ ಜನಕ್ಕೆ ರಕ್ತಹೀನತೆ ಇತ್ತು. ಅಮೆರಿಕದಲ್ಲಿ ಕಬ್ಬಿಣದ ಕೊರತೆಯಿದ್ದ ಯುವತಿಯರಿಗೆ 16 ವಾರ ಮಾತ್ರೆ ಕೊಟ್ಟು ನೋಡಿದಾಗ, ಮೈಯಲ್ಲಿ ಕಬ್ಬಿಣ ತುಂಬಿಕೊಂಡವರ ಗಮನ, ನೆನಪು, ಕಲಿಕೆ ಸುಧಾರಿಸಿತ್ತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯೂ ಕಬ್ಬಿಣದ್ದೇ. ಹೊಟ್ಟೆ ತೊಳಸುತ್ತೆ ಅಂತ ಅದನ್ನು ಕಿಟಕಿಯಾಚೆ ಎಸೆಯುವವರೂ ಇದ್ದಾರೆ. ಊಟ ಆದ ಮೇಲೆ ನುಂಗಿದರೆ ಅಷ್ಟು ತೊಳಸಲ್ಲ.