ಮಾರುಕಟ್ಟೆ ಮಂದವಾದಾಗ ಮನೆ ಕೊಳ್ಳುವುದು ಮತ್ತು ಮಾರುವುದು: ಬೆಂಗಳೂರಿನ ಹಳೆಯ ಫ್ಲ್ಯಾಟುಗಳ ವ್ಯವಹಾರ ಕುರಿತು ಅಧ್ಯಯನ ಟಿಪ್ಪಣಿ

ಮನೆಗಳ ಮಾರುಕಟ್ಟೆ ಬಿದ್ದಿದೆ ಎಂಬ ಮಾತು ಕೇಳಿದಾಗ ಬೆಲೆಯೂ ಬಿದ್ದಿರಬೇಕೆಂದು ನಾವು ಊಹಿಸುತ್ತೇವೆ. ಬೆಂಗಳೂರಿನಂಥ ಊರಿನಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಮಾರುವವರು ತಾವು ಹೇಳಿದ ಬೆಲೆಯನ್ನು ಬಿಟ್ಟುಕೊಡದೆ ಕಾಯುತ್ತಾರೆ, ಕೊಳ್ಳುವವರು ಇನ್ನೂ ಸ್ವಲ್ಪ ಇಳಿಯಲಿ ಎಂದು ಕಾಯುತ್ತಾರೆ, ಇಬ್ಬರೂ ಕಾಯುವುದರಿಂದ ನೋಂದಣಿಗಳ ಸಂಖ್ಯೆ ಕುಗ್ಗುತ್ತದೆ. 2016ರ ನೋಟು ರದ್ದತಿ, 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಎಂಬ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಕುಸಿದ ಮೇಲೆ ಬಿಲ್ಡರುಗಳಿಗೆ ಹಣ ಹುಟ್ಟದೆ ಹೋದದ್ದು, 2020ರ ಕೊರೋನಾ, ಇವೆಲ್ಲ ಅಂಥ ಕಾಲಗಳು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿದಾಗ ತೊಂದರೆ ಸಾಲದ ಕಡೆಯಿಂದ ಬಂತು. 2025ರಲ್ಲಿ ಆ ದರ ಹಂತಹಂತವಾಗಿ ಶೇ 5.25ಕ್ಕೆ ಇಳಿಯಿತು. ಆದರೆ ಅಷ್ಟರಲ್ಲಿ ಬೆಂಗಳೂರಿನ ವ್ಯವಹಾರಗಳು ನಿಯಮಗಳ ಬದಲಾವಣೆಗೆ ಸಿಕ್ಕಿಕೊಂಡಿದ್ದವು. 2024ರ ಅಕ್ಟೋಬರಿನಿಂದ ನಗರದಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ಪ್ರತಿ, ಕಡ್ಡಾಯವಾಯಿತು, ಅದೇ ಡಿಸೆಂಬರಿನಲ್ಲಿ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು, 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು.

ಈ ವಿಷಯವನ್ನು ಓದುವಾಗ ನನಗೆ ಸ್ಪಷ್ಟವಾದದ್ದು ಇಷ್ಟು: ಕಷ್ಟದ ಕಾಲದಲ್ಲಿ ಕೈಬದಲಾಗುವ ಮನೆ ಎಂದರೆ ಎಲ್ಲಕ್ಕಿಂತ ಅಗ್ಗದ ಮನೆಯಲ್ಲ, ಎಲ್ಲಕ್ಕಿಂತ ಬೇಗ ನೋಂದಣಿಯಾಗಬಲ್ಲ ಮನೆ. ಆದುದರಿಂದ ಎರಡೂ ಪಕ್ಷದವರು ಬೆಲೆಯ ಮಾತಿಗೆ ಮೊದಲು ಕಾಗದಪತ್ರಗಳನ್ನೂ ಕೈಯಲ್ಲಿರುವ ಹಣವನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ, ಮೊದಲು ಬೆಲೆ ಕುದುರಿಸಿ ಮುಂಗಡ ಕೊಟ್ಟು, ಆಮೇಲೆ ವಕೀಲರ ಹತ್ತಿರ ಹೋಗುತ್ತೇವೆ.

ಕೊಳ್ಳುವವರ ಹಣದ ಲೆಕ್ಕ

80 ಲಕ್ಷ ರೂಪಾಯಿಯ ಒಂದು ಹಳೆಯ ಫ್ಲ್ಯಾಟನ್ನು ತೆಗೆದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಮೌಲ್ಯದ ಶೇ 90ರವರೆಗೆ, 30 ಲಕ್ಷದಿಂದ 75 ಲಕ್ಷದ ಸಾಲದಲ್ಲಿ ಶೇ 80ರವರೆಗೆ, ಅದಕ್ಕೂ ಮೇಲಿನ ಸಾಲದಲ್ಲಿ ಶೇ 75ರವರೆಗೆ ಕೊಡಬಹುದು. ಹಾಗಾಗಿ ಈ ಫ್ಲ್ಯಾಟಿಗೆ ಹೆಚ್ಚೆಂದರೆ 64 ಲಕ್ಷ ಸಾಲ ಸಿಗುತ್ತದೆ, ಉಳಿದ 16 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ ಶೇ 2, ಒಟ್ಟು ಶೇ 7.6. ಅಂದರೆ ಇನ್ನೂ 6 ಲಕ್ಷದ 8 ಸಾವಿರ. ಈ ಬೆಲೆಯ ಮನೆಗಳಲ್ಲಿ ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಬ್ಯಾಂಕು ಮನೆಯ ಮೌಲ್ಯಕ್ಕೆ ಸೇರಿಸುವಂತಿಲ್ಲವಾದ್ದರಿಂದ ಅದೂ ಕೈಯಿಂದಲೇ ಹೋಗಬೇಕು. ಹೀಗೆ 22 ಲಕ್ಷಕ್ಕೂ ಮಿಕ್ಕಿದ ಹಣ ಸಿದ್ಧವಿಲ್ಲದವರು ಈ ಮನೆಯನ್ನು ನೋಡಲು ಹೋಗುವುದೇ ತಪ್ಪು. ದಲ್ಲಾಳಿ ಕಮಿಷನ್, ವಕೀಲರ ಶುಲ್ಕ, ಅಪಾರ್ಟ್‌ಮೆಂಟ್ ಸಂಘಕ್ಕೆ ಕಟ್ಟಬೇಕಾದ ವರ್ಗಾವಣೆ ಶುಲ್ಕ, ಬಣ್ಣ ಮತ್ತು ರಿಪೇರಿ ಇವು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನು ಬಡ್ಡಿ. 64 ಲಕ್ಷವನ್ನು 20 ವರ್ಷಕ್ಕೆ ಶೇ 8.5ರ ದರದಲ್ಲಿ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 55,540 ರೂಪಾಯಿ, ಶೇ 7.5ಕ್ಕೆ ಸುಮಾರು 51,560. ದರ ಇಳಿಯಲಿ ಎಂದು ಕಾದು ಕುಳಿತವರಿಗೆ ತಿಂಗಳಿಗೆ 4 ಸಾವಿರದಷ್ಟು ಉಳಿಯುತ್ತದೆ ಎಂಬುದು ನಿಜ. ಆದರೆ ಬದಲಾಗುವ ಬಡ್ಡಿಯ ಗೃಹಸಾಲಗಳು 2019ರ ಅಕ್ಟೋಬರಿನಿಂದ ಬ್ಯಾಂಕುಗಳಲ್ಲಿ ರೆಪೋದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುವುದರಿಂದ, ಇಂದು ಸಾಲ ಪಡೆದವರಿಗೂ ನಾಳೆಯ ಇಳಿಕೆಯ ಲಾಭ ಬರುತ್ತದೆ, ವ್ಯಕ್ತಿಗಳು ಅಂಥ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವೂ ಇಲ್ಲ. ಬಡ್ಡಿ ಹೆಚ್ಚಿರುವ ಕಾಲದಲ್ಲಿ ಕೊಳ್ಳುವವರ ಸಂಖ್ಯೆ ಕಡಿಮೆಯಿರುತ್ತದೆ, ಆಗ ಶೇ 5ರಷ್ಟು ಬೆಲೆ ಇಳಿಸಿಕೊಂಡರೆ 4 ಲಕ್ಷ ಒಮ್ಮೆಗೇ ಉಳಿಯುತ್ತದೆ. ಬಡ್ಡಿ ಮುಂದೆ ಬದಲಾಗಬಹುದು, ಕ್ರಯಪತ್ರದಲ್ಲಿ ಬರೆದ ಬೆಲೆ ಬದಲಾಗುವುದಿಲ್ಲ. ಈ ಕಾರಣದಿಂದ, ಕೆಲಸ ಭದ್ರವಾಗಿದ್ದು ಕಂತು ಕಟ್ಟಬಲ್ಲವರಿಗೆ ದರ ಇಳಿಯುವವರೆಗೆ ಕಾಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಋಣಭಾರ ಪತ್ರವನ್ನು ಓದುವ ಬಗೆ

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರ, ಅಂದರೆ ನಾವೆಲ್ಲ ಇ.ಸಿ. ಎನ್ನುವ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಕಾಗದ, ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಹಳೆಯ ದಾಖಲೆಗಳನ್ನು ಹುಡುಕಿಸಬೇಕು. ವ್ಯವಹಾರಗಳು ನಡೆದಿದ್ದರೆ ನಮೂನೆ 15ರಲ್ಲಿ, ಏನೂ ನಡೆದಿಲ್ಲದಿದ್ದರೆ ನಮೂನೆ 16ರಲ್ಲಿ ಪತ್ರ ಬರುತ್ತದೆ. ನಮೂನೆ 16 ಬಂದಿತೆಂದು ಕೂಡಲೇ ಸಂತೋಷಪಡಬಾರದು. 2009ರಲ್ಲಿ ಕ್ರಯವಾದ ಫ್ಲ್ಯಾಟಿಗೆ 2004ರಿಂದ ಪತ್ರ ಕೇಳಿದಾಗ ಏನೂ ಇಲ್ಲ ಎಂದು ಬಂದರೆ, ಆ ಕ್ರಯವೇ ಕಾಣಿಸಿಲ್ಲ ಎಂದರ್ಥ. ಸರ್ವೆ ನಂಬರನ್ನೋ ಮನೆ ನಂಬರನ್ನೋ ಬೇರೆ ರೀತಿಯಲ್ಲಿ ಕೊಟ್ಟು ಹುಡುಕಿದ್ದೇವೆ ಎಂದು ತಿಳಿಯಬೇಕು.

ಸರಿಯಾದ ಪತ್ರ ಸಿಕ್ಕಿದ ಮೇಲೆ ಅದನ್ನು ಸಾಲುಸಾಲಾಗಿ ಕ್ರಯಪತ್ರದ ಷೆಡ್ಯೂಲಿನ ಜೊತೆ ಇಟ್ಟು ಓದಬೇಕು. ಜಮೀನಿನ ಒಡೆಯರು ಬಿಲ್ಡರಿಗೆ ಮಾಡಿಕೊಟ್ಟ ಜಂಟಿ ಅಭಿವೃದ್ಧಿ ಕರಾರು ಮೊದಲ ಸಾಲಿನಲ್ಲಿ ಇರಬಹುದು, ಅನಂತರ ಇಂದು ಮಾರುತ್ತಿರುವವರ ಹೆಸರಿಗೆ ಆದ ಕ್ರಯ, ಅದರ ಹಿಂದೆಯೇ ಬ್ಯಾಂಕಿನ ಹೆಸರಿಗೆ ಹಕ್ಕುಪತ್ರಗಳನ್ನು ಅಡವಿಟ್ಟ ದಾಖಲೆ. ಮಾರುವವರು ಸಾಲ ಎಂದೋ ತೀರಿತು ಎನ್ನುತ್ತಾರೆ, ಅವರ ಮಾತು ನಿಜವೂ ಇರುತ್ತದೆ, ಆದರೆ ಅಡವು ಬಿಡುಗಡೆಯ ಸಾಲು ಪತ್ರದಲ್ಲಿ ಇರುವುದಿಲ್ಲ, ಏಕೆಂದರೆ ಬ್ಯಾಂಕಿನಿಂದ ಕಾಗದ ತಂದವರು ಬಿಡುಗಡೆ ಪತ್ರವನ್ನು ನೋಂದಾಯಿಸಲು ಹೋಗಲೇ ಇಲ್ಲ. ಇದೊಂದು ಸಾಲಿನ ಕೊರತೆಯಿಂದ ಕೊಳ್ಳುವವರ ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿಯುತ್ತದೆ.

ಇ.ಸಿ. ಹೇಳದ ಸಂಗತಿಗಳೂ ಇವೆ. ನೋಂದಣಿಯಾಗದ ಕರಾರು, ಬಾಯಿಮಾತಿನ ವಿಭಾಗ, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣಿಸಬೇಕೆಂದಿಲ್ಲ. ಕಟ್ಟಡದ ಕೆಳಗಿನ ಜಮೀನು ಪಿತ್ರಾರ್ಜಿತವಾಗಿದ್ದರೆ, ಅದನ್ನು ಕೊಡುವಾಗ ಮನೆಯ ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ ಎಂದು ವಂಶವೃಕ್ಷದ ಜೊತೆ ಹೋಲಿಸಿ ನೋಡಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ ಬಂದ 1994ರ ತಿದ್ದುಪಡಿಯೂ ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಅವರಿಗೆ ಹುಟ್ಟಿನಿಂದ ಬರುವ ಪಾಲನ್ನು ಕೊಟ್ಟಿವೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಅಂಥ ಜಮೀನನ್ನು ಅನುಮತಿಯಿಲ್ಲದೆ ಮಾರುವುದನ್ನು ತಡೆಯುವ 1978ರ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದ ಪರಭಾರೆಯನ್ನು ಪ್ರಶ್ನಿಸಲು ಕಾಲಮಿತಿ ಇಲ್ಲವೆಂದು 2023ರಲ್ಲಿ ರಾಜ್ಯ ಅದಕ್ಕೆ ತಿದ್ದುಪಡಿ ತಂದಿದೆ. ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮಾತ್ರ ಕೈಬದಲಾದ ಆಸ್ತಿಗೆ ಮಾಲೀಕತ್ವ ಬರುವುದಿಲ್ಲವೆಂಬುದು 2011ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ವಿಷಯ. ಈ ಪ್ರಶ್ನೆಗಳನ್ನು ವಕೀಲರಿಗೆ ಬಿಟ್ಟುಬಿಡದೆ ಕೊಳ್ಳುವವರೇ ಕೇಳಬೇಕು, ಬ್ಯಾಂಕಿನ ವಕೀಲರು ಒಪ್ಪಿದ್ದಾರೆ ಎಂಬುದು ಸಾಲದು. ಅವರು ನೋಡುವುದು ಬ್ಯಾಂಕಿನ ಹಿತವನ್ನು.

ಮಾರುವವರು ಮೊದಲು ಮಾಡಬೇಕಾದದ್ದು

ಮಾರುವವರಲ್ಲಿ ಹೆಚ್ಚಿನವರು ಮನೆಗೆ ಬಣ್ಣ ಹೊಡೆಸಿ, ಫೋಟೋ ತೆಗೆಸಿ, ಜಾಹೀರಾತು ಹಾಕುತ್ತಾರೆ. ಅದಕ್ಕೆ ಮೊದಲು ಇ-ಖಾತಾ ಮಾಡಿಸಿ, ಕಂದಾಯವನ್ನು ಈ ವರ್ಷದವರೆಗೆ ಕಟ್ಟಿ, ಸ್ವಾಧೀನಾನುಭವ ಪತ್ರದ ಪ್ರತಿ, ಮೂಲಪತ್ರಗಳು, ಸಂಘದ ಬಾಕಿ ಇಲ್ಲವೆಂಬ ಪತ್ರ ಇವನ್ನು ಒಂದು ಕಡತದಲ್ಲಿ ಜೋಡಿಸಿದವರ ಮನೆ ಬೇಗ ಹೋಗುತ್ತದೆ. ಮನೆ ತೀರಿಕೊಂಡವರ ಹೆಸರಿನಲ್ಲೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳುವುದು ತಿಂಗಳುಗಟ್ಟಲೆ ಹಿಡಿಯಬಹುದಾದ ಕೆಲಸ, ಕೊಳ್ಳುವವರು ಸಿಕ್ಕಿದ ಮೇಲೆ ಅದನ್ನು ಆರಂಭಿಸಿದರೆ ಅವರು ಉಳಿಯುವುದಿಲ್ಲ. ಬಿ ಖಾತಾ, ಅಂದರೆ ಅನುಮೋದನೆಗಳು ಸರಿಯಾಗಿಲ್ಲದ ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡದಿರುವುದರಿಂದ ಅಂಥ ಮನೆಯ ಗಿರಾಕಿಗಳು ಮೊದಲೇ ಕಡಿಮೆ, ಮಂದ ಮಾರುಕಟ್ಟೆಯಲ್ಲಿ ಇನ್ನೂ ಕಡಿಮೆ.

ಮನೆಯ ಮೇಲೆ ಸಾಲ ಇನ್ನೂ ಬಾಕಿಯಿದ್ದರೆ ಅದನ್ನು ಮುಚ್ಚಿಡದೆ, ಎಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂಬ ಪತ್ರವನ್ನೂ ಬ್ಯಾಂಕಿನ ಬಳಿ ಇರುವ ಮೂಲ ದಾಖಲೆಗಳ ಪಟ್ಟಿಯನ್ನೂ ಅಲ್ಲಿಂದ ಮೊದಲೇ ಪಡೆಯಬೇಕು. ಕೊಳ್ಳುವವರ ಬ್ಯಾಂಕು ಆ ಮೊತ್ತವನ್ನು ನೇರವಾಗಿ ಮಾರುವವರ ಸಾಲದ ಖಾತೆಗೆ ಕಟ್ಟುವುದು ರೂಢಿಯಲ್ಲಿರುವ ಕ್ರಮ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂತಿರುಗಿಸಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕಷ್ಟ ಹೇಳಿಕೊಳ್ಳುವ ಅನೇಕ ಮಾರಾಟಗಾರರಿಗೆ ಇದು ಗೊತ್ತೇ ಇರುವುದಿಲ್ಲ.

ಬೆಲೆಯ ಮಾತು

ಬೆಲೆ ನಿರ್ಧರಿಸಲು ಜಾಹೀರಾತಿನಲ್ಲಿ ಕೇಳಿದ ಬೆಲೆಗಳನ್ನು ನೋಡಬಾರದು, ಅದೇ ಕಟ್ಟಡದಲ್ಲಿ ಇತ್ತೀಚೆಗೆ ನಿಜವಾಗಿ ಕ್ರಯವಾದ ಫ್ಲ್ಯಾಟುಗಳ ಬೆಲೆಯನ್ನು ಸಂಘದವರಿಂದ ವಿಚಾರಿಸಬೇಕು. ಹಳೆಯ ಕಟ್ಟಡವಾದರೆ ಜಮೀನಿನಲ್ಲಿರುವ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಕ್ರಯಪತ್ರದಲ್ಲಿ ನೋಡಬೇಕು, ಕಟ್ಟಡ ಹಳೆಯದಾದಂತೆ ಬೆಲೆ ನಿಲ್ಲುವುದು ಆ ಪಾಲಿನ ಮೇಲೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮನೆಯ ಮಾತು ಎತ್ತದವರು ನಮ್ಮಲ್ಲಿ ಬಹಳ. ಹಣ ಸಿದ್ಧವಿದ್ದು ಆ ನಂಬಿಕೆಯ ಕಟ್ಟು ಇಲ್ಲದವರಿಗೆ ಚೌಕಾಸಿಗೆ ಅದೇ ಒಳ್ಳೆಯ ಕಾಲ. ಮಾರುವವರು ಯುಗಾದಿಗೆ ಮೊದಲೇ ಕಡತ ಸಿದ್ಧ ಮಾಡಿಕೊಂಡರೆ ಮುಹೂರ್ತ ನೋಡುವವರೂ ಸಿಗುತ್ತಾರೆ.

ಮಂದ ಕಾಲಕ್ಕೇ ವಿಶೇಷವಾದ ಒಂದು ತೊಡಕು ಮಾರ್ಗಸೂಚಿ ದರದ್ದು, ಅಂದರೆ ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಆಯಾ ಬಡಾವಣೆಗೆ ಗೊತ್ತುಮಾಡಿದ ಕನಿಷ್ಠ ಬೆಲೆಯದ್ದು. ಒಪ್ಪಿದ ಬೆಲೆ ಸರ್ಕಾರದ ಮಾರ್ಗಸೂಚಿ ಮೌಲ್ಯಕ್ಕಿಂತ ಕೆಳಗಿಳಿದರೂ ಮುದ್ರಾಂಕ ಶುಲ್ಕವನ್ನು ಮಾರ್ಗಸೂಚಿ ಮೌಲ್ಯದ ಮೇಲೆಯೇ ಕಟ್ಟಬೇಕಾಗುತ್ತದೆ. ವ್ಯತ್ಯಾಸ ಶೇ 10ನ್ನು ಮೀರಿದರೆ ಆದಾಯ ತೆರಿಗೆಯವರು ಮಾರುವವರಿಗೆ ಹೆಚ್ಚಿನ ಬೆಲೆ ಬಂದಿದೆಯೆಂದೂ, ಕೊಳ್ಳುವವರಿಗೆ ಆ ವ್ಯತ್ಯಾಸವೇ ಆದಾಯವೆಂದೂ ಎಣಿಸುತ್ತಾರೆ. ಆದ್ದರಿಂದ ಬೆಲೆ ಕುದುರಿಸುವ ಮೊದಲು ಆ ಬಡಾವಣೆಯ ಮಾರ್ಗಸೂಚಿ ದರವನ್ನು ಎರಡೂ ಕಡೆಯವರು ನೋಡಿಕೊಂಡಿರಬೇಕು. ಸ್ವಲ್ಪ ಹಣವನ್ನು ನಗದಾಗಿ ಕೊಡಿ ಎಂಬ ಬೇಡಿಕೆಯನ್ನಂತೂ ಒಪ್ಪಲೇಬಾರದು. 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಜೊತೆಗೆ ಕಾಗದದ ಬೆಲೆ ತಗ್ಗಿದಷ್ಟೂ ಕೊಳ್ಳುವವರಿಗೆ ಸಿಗುವ ಸಾಲವೂ ತಗ್ಗುತ್ತದೆ.

ಬೆಲೆ 50 ಲಕ್ಷ ಅಥವಾ ಹೆಚ್ಚಾದಾಗ ಕೊಳ್ಳುವವರು ಶೇ 1ನ್ನು ಮುರಿದುಕೊಂಡು ಮಾರುವವರ ಪ್ಯಾನ್ ಹೆಸರಿನಲ್ಲಿ ತೆರಿಗೆಯಾಗಿ ಕಟ್ಟಬೇಕು. ನಮ್ಮ 80 ಲಕ್ಷದ ಫ್ಲ್ಯಾಟಿನಲ್ಲಿ ಅದು 80,000. ಮಾರುವವರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಅನಿವಾಸಿಗಳಾದರೆ ಈ ಶೇ 1ರ ನಿಯಮ ನಡೆಯುವುದಿಲ್ಲ, ಇನ್ನೂ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾಗಬೇಕು. ಅವರು ಕಡಿಮೆ ಕಡಿತದ ಪ್ರಮಾಣಪತ್ರವನ್ನು ತೆರಿಗೆ ಇಲಾಖೆಯಿಂದ ಮುಂಚಿತವಾಗಿ ತರಿಸಿಕೊಂಡಿದ್ದರೆ ಮಾತ್ರ ಕೈಗೆ ಹೆಚ್ಚು ಹಣ ಬರುತ್ತದೆ.

ಕರಾರಿನಲ್ಲಿ ಮೂರು ಮಾತು ಇರಲೇಬೇಕು: ಸಾಲ ಮಂಜೂರಾಗದಿದ್ದರೆ ಮುಂಗಡ ಎಷ್ಟು ದಿನದೊಳಗೆ ವಾಪಸು, ಹಕ್ಕಿನಲ್ಲಿ ದೋಷ ಕಂಡರೆ ಏನು, ಖಾಲಿ ಮಾಡಿ ಬೀಗದ ಕೈ ಕೊಡುವ ದಿನ ಯಾವುದು. ನಿರ್ಮಾಣ ಹಂತದ ಮನೆಗಳಿಗೆ ರೇರಾ ಎಂಬ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯೇ ಕೆಲವು ರಕ್ಷಣೆ ಕೊಟ್ಟಿದೆ. ಕರಾರು ನೋಂದಣಿಗೆ ಮೊದಲು ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ, ರಚನೆಯ ದೋಷಗಳಿಗೆ ಹಸ್ತಾಂತರದಿಂದ 5 ವರ್ಷ ಬಿಲ್ಡರೇ ಹೊಣೆ. ಮರುಮಾರಾಟದಲ್ಲಿ ಹೊಸದಾಗಿ ಅಂಥ ರಕ್ಷಣೆ ಹುಟ್ಟುವುದಿಲ್ಲವಾದ್ದರಿಂದ ಕರಾರಿನ ಮಾತೇ ಆಧಾರ.

ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುವವರು

ಇವರ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಮಾರುಕಟ್ಟೆ ಚುರುಕಾಗಿದ್ದಾಗ ಹೊಸದನ್ನು ಮೊದಲು ಕೊಂಡು ಹಳೆಯದನ್ನು ನಿಧಾನವಾಗಿ ಮಾರಬಹುದು. ಮಂದವಾದಾಗ ಹಾಗೆ ಮಾಡಿದರೆ ಎರಡು ಕಂತುಗಳ ಒತ್ತಡಕ್ಕೆ ಸಿಕ್ಕಿ ಕೈಗೆ ಬಂದ ಬೆಲೆಗೆ ಕೊಡಬೇಕಾಗುತ್ತದೆ. ಆದ್ದರಿಂದ ಮೊದಲು ಮಾರಿ, ಕೆಲವು ತಿಂಗಳು ಬಾಡಿಗೆ ಮನೆಯಲ್ಲಿದ್ದು, ಹಣ ಕೈಯಲ್ಲಿಟ್ಟುಕೊಂಡು ಕೊಳ್ಳುವುದೇ ಮೇಲು ಎಂಬುದು ನನ್ನ ತೀರ್ಮಾನ. ಸಾಲಕ್ಕೆ ಕಾಯಬೇಕಿಲ್ಲದ ಗಿರಾಕಿಗೆ ಮಾರುವವರು ಬೆಲೆಯಲ್ಲಿ ಸಡಿಲ ಬಿಡುತ್ತಾರೆ. ತೆರಿಗೆಯ ನಿಯಮವೂ ಇದಕ್ಕೆ ಅಡ್ಡಿಯಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ 12.5 ತೆರಿಗೆ, 2024ರ ಜುಲೈ 23ಕ್ಕೆ ಮೊದಲು ಕೊಂಡಿದ್ದ ನಿವಾಸಿಗಳಿಗೆ ಹಣದುಬ್ಬರ ಹೊಂದಾಣಿಕೆಯೊಂದಿಗೆ ಶೇ 20 ಲೆಕ್ಕ ಹಾಕಿ ಕಡಿಮೆ ಬರುವುದನ್ನು ಕಟ್ಟುವ ಅವಕಾಶವೂ ಇದೆ. ಆ ಲಾಭವನ್ನು ಮಾರಿದ 2 ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಅಥವಾ 3 ವರ್ಷದೊಳಗೆ ಕಟ್ಟಲು ಬಳಸಿದರೆ ಅಷ್ಟರ ಮಟ್ಟಿಗೆ ವಿನಾಯಿತಿ ಸಿಗುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಮನೆ ಗೊತ್ತಾಗದಿದ್ದರೆ, ಆ ಹಣವನ್ನು ಉಳಿತಾಯ ಖಾತೆಯಲ್ಲೋ ಠೇವಣಿಯಲ್ಲೋ ಬಿಡದೆ, ಬ್ಯಾಂಕಿನ ಬಂಡವಾಳ ಲಾಭ ಖಾತೆ ಯೋಜನೆಯಲ್ಲೇ ಇಟ್ಟು, ಅಲ್ಲಿಂದ ತೆಗೆದ ಹಣವನ್ನು ಹೊಸ ಮನೆಗೆ ಮಾತ್ರ ಬಳಸಬೇಕು.