ಗರ್ಭಕೋಶ ತೆಗೆಸಿದರೆ ಮಗಳು ಸೇಫಾ?

"ಮೇಡಂ, ಇವಳ ಗರ್ಭಕೋಶ ತೆಗೆದುಬಿಡಿ. ಪ್ರತಿ ತಿಂಗಳು ಈ ಗೋಳು ನನ್ನ ಕೈಲಿ ಆಗಲ್ಲ."

ಹೆರಿಗೆ ಡಾಕ್ಟರಾಗಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹೇಳುವುದು ಹೆಚ್ಚಾಗಿ ತಾಯಿ. ಪಕ್ಕದಲ್ಲಿ ಹದಿನಾಲ್ಕು ಹದಿನೈದರ ಮಗಳು ಅಮ್ಮನ ಸೆರಗು ಹಿಡಿದು ಕೂತಿರುತ್ತಾಳೆ. ಬುದ್ಧಿ ಬೆಳವಣಿಗೆ ನಿಧಾನ, ಮುಟ್ಟು ಶುರುವಾಗಿ ಕೆಲವೇ ತಿಂಗಳು. ಆ ತಾಯಿಯನ್ನು ನಾನು ಬೈಯುವುದಿಲ್ಲ. ಸ್ನಾನ, ಊಟ, ಕಕ್ಕಸು ಎಲ್ಲಾ ಒಬ್ಬಳೇ ನೋಡಿಕೊಂಡು ಸುಸ್ತಾಗಿರುತ್ತಾಳೆ. ಇನ್ನೂ ಸ್ವಲ್ಪ ಮಾತಾಡಿಸಿದರೆ ನಿಜವಾದ ಭಯ ಹೊರಗೆ ಬರುತ್ತದೆ, ಅದೂ ಮೆಲ್ಲಗೆ: "ನಾನಿಲ್ಲದಾಗ ಯಾರಾದ್ರೂ ಏನಾದ್ರೂ ಮಾಡಿಬಿಟ್ರೆ?"

ಗರ್ಭಕೋಶ ತೆಗೆದರೆ ಬಸಿರಾಗುವುದಿಲ್ಲ, ಸರಿ. ಕೈ ಹಾಕುವವನನ್ನು ತಡೆಯುವುದು ಯಾರು? ಬಾಯಿಬಿಟ್ಟು ಹೇಳಲಾರದ ಹುಡುಗಿಗೆ ಏನಾಗಿದೆ ಅಂತ ಕೆಲವು ಸಲ ಮನೆಯವರಿಗೆ ಗೊತ್ತಾಗುವುದೇ ಮುಟ್ಟು ನಿಂತಾಗ. ಆಪರೇಷನ್ ಆದಮೇಲೆ ಆ ಸುಳಿವೂ ಇರುವುದಿಲ್ಲ.

ಅಮೆರಿಕದ ವರ್ಜೀನಿಯಾದ ಕ್ಯಾರಿ ಬಕ್ ಕಥೆ ಇದೇ. ಸಾಕುಮನೆಯವರ ಸಂಬಂಧಿಕನೊಬ್ಬ ಅತ್ಯಾಚಾರ ಮಾಡಿದ್ದರಿಂದ ಬಸಿರಾದೆ ಅಂತ ಅವಳೇ ಹೇಳಿದ್ದಳು. ಆ ಸಾಕುಮನೆಯವರೇ ಅವಳಿಗೆ ಬುದ್ಧಿಮಾಂದ್ಯೆ ಅನ್ನುವ ಪಟ್ಟ ಕಟ್ಟಿ ಸರ್ಕಾರಿ ಆಶ್ರಯಧಾಮಕ್ಕೆ ಸೇರಿಸಿದರು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-1ರ ತೀರ್ಪಿನಲ್ಲಿ ಅವಳಿಗೆ ಸಂತಾನಹರಣ ಆಪರೇಷನ್ ಮಾಡಬಹುದು ಅಂದಿತು. ಮೂರು ತಲೆಮಾರಿನ ಬುದ್ಧಿಹೀನರು ಸಾಕು ಅಂತ ಜಡ್ಜ್ ಹೋಮ್ಸ್ ಬರೆದರು. ಆ ಮೂರನೇ ತಲೆಮಾರು, ಅಂದರೆ ಕ್ಯಾರಿಯ ಮಗಳು ವಿವಿಯನ್, ಮುಂದೆ ಶಾಲೆಯಲ್ಲಿ ಚೆನ್ನಾಗಿ ಓದುವವರ ಪಟ್ಟಿಯಲ್ಲಿದ್ದಳು! ಆ ದೇಶದಲ್ಲಿ 60,000ಕ್ಕೂ ಜಾಸ್ತಿ ಜನರಿಗೆ ಹೀಗೆ ಆಪರೇಷನ್ ಆಯಿತು.

ನಮ್ಮಲ್ಲಿ? 1994ರಲ್ಲಿ ಪುಣೆ ಹತ್ತಿರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ, ಬುದ್ಧಿ ಬೆಳವಣಿಗೆ ನಿಧಾನವಾದ ಹೆಣ್ಣುಮಕ್ಕಳನ್ನು ಕರೆತಂದು ಗರ್ಭಕೋಶ ತೆಗೆಸಿದರು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳಲು ಆಗಲ್ಲ ಅನ್ನುವುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು ಜೋರಾಗಿ ಪ್ರತಿಭಟಿಸಿದ ಮೇಲೆ ಉಳಿದವರ ಆಪರೇಷನ್ ನಿಂತಿತು. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಅಂಥದೇ ಯುವತಿಯೊಬ್ಬಳು ಅತ್ಯಾಚಾರದಿಂದ ಬಸಿರಾದಾಗ, ಮಗು ಬೇಕು ಅಂದ ಅವಳ ಮಾತನ್ನು ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡುವಂತಿಲ್ಲ ಅಂತ. ಅಂಗವಿಕಲರ ಹೋರಾಟದಿಂದ ಬಂದ 2016ರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಇನ್ನೂ ಸ್ಪಷ್ಟ: ಅವರದೇ ಒಪ್ಪಿಗೆ ಇಲ್ಲದೆ, ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಕೊಡುವಂತಿಲ್ಲ.

ಕಾನೂನು ಹೇಳಿ ಕಳಿಸಿದರೆ ತಾಯಿಯ ಕಷ್ಟ ಕಮ್ಮಿಯಾಗಲ್ಲ ಅಲ್ವಾ? ಅದಕ್ಕೇ ಒಂದು ಪ್ಯಾಡ್ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಅದರ ಮೇಲೆ ಕೆಂಪು ಬಣ್ಣದ ನೀರು ನಾಲ್ಕು ಹನಿ. ಚಡ್ಡಿಯಲ್ಲಿ ಪ್ಯಾಡ್ ಕೂರುವ ಜಾಗದ ಸುತ್ತ ಬಣ್ಣದ ದಾರದಲ್ಲಿ ಗುರುತು ಹೊಲಿಯಲು ಹೇಳುತ್ತೇನೆ. ದಿನಾ ಅದೇ ಬಚ್ಚಲು, ಅದೇ ಡಬ್ಬಿ, ಅದೇ ಮಾತು. ಕಲಿಯಲು ತಿಂಗಳುಗಟ್ಟಲೆ ಬೇಕು. ರಕ್ತಸ್ರಾವ ಜಾಸ್ತಿ ಇದ್ದರೆ ಮಾತ್ರೆಗಳಿವೆ. ಯಾರು ಎಲ್ಲಿ ಮುಟ್ಟಬಾರದು ಅನ್ನುವುದನ್ನೂ ಹೀಗೇ ಗೊಂಬೆ ಹಿಡಿದು ಕಲಿಸಬೇಕು.

ಹೀಗೆ ಕಲಿತ ಒಬ್ಬ ಹುಡುಗಿ ಆರು ತಿಂಗಳ ಮೇಲೆ ಬಂದಾಗ ಗೋಡೆ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ತಂದಿದ್ದಳು. ಬಿಚ್ಚಿ, ಕೆಂಪು ಪೆನ್ನಿನ ಚುಕ್ಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಎರಡು ಚುಕ್ಕಿ ತಪ್ಪು ದಿನಕ್ಕೆ ಬಿದ್ದಿದ್ದವು.